ನಲ್ಲಿಯ ಪಕ್ಕ ಒಂದು ವಾರ: ಮುಖ್ಯಶಿಕ್ಷಕರಾಗುವವರಿಗೆ ಕ್ರಿಯಾ ಸಂಶೋಧನೆ

ಪ್ರಶ್ನೆ: ಸರ್, ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಒಂದೆರಡು ವರ್ಷದಲ್ಲಿ ಬಡ್ತಿ ಸಿಕ್ಕಿ ಮುಖ್ಯಶಿಕ್ಷಕಿ ಆಗಬಹುದು. ಅದಕ್ಕೆ ತಯಾರಿ ಅಂತ ಶಾಲಾ ಆಡಳಿತದ ಕೋರ್ಸ್ ಒಂದಕ್ಕೆ ಸೇರಿದ್ದೇನೆ. ಅದರಲ್ಲಿ ಆಡಳಿತಕ್ಕೆ ಸಂಬಂಧಿಸಿದ ಕ್ರಿಯಾ ಸಂಶೋಧನೆ ಮಾಡಬೇಕು. ಬಿ.ಎಡ್ ಮಾಡುವಾಗ ಕಾಗುಣಿತ ದೋಷದ ಮೇಲೆ ಒಂದು ಮಾಡಿದ್ದೆ. ನಿಜ ಹೇಳಬೇಕೆಂದರೆ ಸೀನಿಯರ್ ಒಬ್ಬರ ವರದಿ ನೋಡಿ ಬರೆದದ್ದು. ಈ ಸಲ ಹಾಗೆ ಮಾಡಲು ಮನಸ್ಸಿಲ್ಲ. ವಿಷಯ ಹೇಗೆ ಆರಿಸಲಿ? ಎಷ್ಟು ಮಕ್ಕಳು ಬೇಕು, ಟಿ-ಟೆಸ್ಟ್ ಹಾಕಲೇಬೇಕಾ? ನಾನಿನ್ನೂ ಸಹಶಿಕ್ಷಕಿ, ಜೊತೆಯವರು ನನ್ನ ಮಾತು ಕೇಳುತ್ತಾರಾ? ಕೊನೆಗೆ ಫಲ ಸಿಗದಿದ್ದರೆ ವರದಿಯಲ್ಲಿ ಏನು ಬರೆಯಲಿ?

ಉತ್ತರ: ಮೇಡಂ, ನೋಡಿ ಬರೆದದ್ದು ಅಂತ ನೀವಾಗಿಯೇ ಹೇಳಿದಿರಿ. ಆ ಮಾತಿಗೆ ತುಂಬಾ ಬೆಲೆ ಇದೆ. ಶಿಕ್ಷಕರ ತರಬೇತಿಯಲ್ಲಿ ನಾನು ಕಳೆದ ವರ್ಷಗಳಲ್ಲಿ ಓದಿದ ವರದಿಗಳಿಗೆ ಲೆಕ್ಕವಿಲ್ಲ. ಕಾಗುಣಿತ ದೋಷ, ಕಳೆಯುವ ಲೆಕ್ಕದಲ್ಲಿ ತಪ್ಪು, ಭೂಪಟದಲ್ಲಿ ಸ್ಥಳ ಗುರುತಿಸಲು ಬಾರದಿರುವುದು. ಎಲ್ಲದರ ದಾರಿಯೂ ಒಂದೇ. ಮೊದಲ ಪರೀಕ್ಷೆಯಲ್ಲಿ ಕಡಿಮೆ ಅಂಕ, ಹದಿನೈದು ದಿನ ಚಾರ್ಟು ಮತ್ತು ಮಿಂಚುಪಟ್ಟಿ, ಆಮೇಲಿನ ಪರೀಕ್ಷೆಯಲ್ಲಿ ಜಾಸ್ತಿ ಅಂಕ. ಸೋತ ಒಂದು ವರದಿಯೂ ನನ್ನ ಕೈಗೆ ಬರಲಿಲ್ಲ. ನನಗೆ ನೋವಾಗುತ್ತಿದ್ದದ್ದು ಅಲ್ಲೇ. ಶಾಲೆಯಲ್ಲಿ ಎಲ್ಲವೂ ಹದಿನೈದು ದಿನಕ್ಕೆ ಸರಿಹೋಗುವುದಿಲ್ಲ ಅಂತ ಬರೆದವರಿಗೂ ಗೊತ್ತಿತ್ತು, ಓದಿದ ನಮಗೂ ಗೊತ್ತಿತ್ತು.

ಕ್ರಿಯಾ ಸಂಶೋಧನೆ ಎಂದರೆ ನಿಮ್ಮದೇ ಕೆಲಸದಲ್ಲಿ ಎಲ್ಲಿ ತೊಡಕಿದೆ ಅಂತ ಗಮನಿಸಿ, ಒಂದು ಬದಲಾವಣೆ ಮಾಡಿ, ಅದು ಏನು ಮಾಡಿತು ಅಂತ ಕಣ್ಣಿಟ್ಟು ನೋಡಿ, ಅದಕ್ಕೆ ತಕ್ಕಂತೆ ಮುಂದಿನ ಹೆಜ್ಜೆ ಇಡುವುದು. ಇಷ್ಟೇ. ‘ನಿಮ್ಮದೇ ಕೆಲಸ’ ಎನ್ನುವ ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ತರಗತಿ ಶಿಕ್ಷಕಿಯ ಕೆಲಸ ಪಾಠ. ಹಾಗಾಗಿ ಆಕೆ ಕಾಗುಣಿತ ನೋಡಬಹುದು. ಮುಖ್ಯಶಿಕ್ಷಕಿಯ ಕೆಲಸ ಬೇರೆ. ವೇಳಾಪಟ್ಟಿ, ಗಂಟೆ, ಬಿಸಿಯೂಟ, ಸಭೆ, ಯಾರಿಗೆ ಯಾವ ತರಗತಿ, ಹಣ ಯಾವುದಕ್ಕೆ ಮೊದಲು, ಬಾಗಿಲಿಗೆ ಬಂದ ಪೋಷಕರನ್ನು ಹೇಗೆ ಮಾತಾಡಿಸುತ್ತೀರಿ, ಎಲ್ಲವೂ ಅದರಲ್ಲಿ ಬಂತು. ಆಡಳಿತದ ಕ್ರಿಯಾ ಸಂಶೋಧನೆಯಲ್ಲಿ ಪರೀಕ್ಷೆಗೆ ಕೂರುವುದು ಮಕ್ಕಳೂ ಅಲ್ಲ, ಶಿಕ್ಷಕರೂ ಅಲ್ಲ. ಆಡಳಿತ ಮಾಡುವವರ ತೀರ್ಮಾನ ಪರೀಕ್ಷೆಗೆ ಕೂರುತ್ತದೆ. ಇದು ಕಷ್ಟದ ಮಾತು. ಬೇರೆಯವರ ತಪ್ಪು ಎಣಿಸುವುದು ಎಲ್ಲರಿಗೂ ಸುಲಭ ಅಲ್ವಾ?

ಒಂದು ಶಾಲೆಯ ಕತೆ ಹೇಳುತ್ತೇನೆ. ನಾನು ಮಾರ್ಗದರ್ಶನ ಮಾಡಿದ ಮುಖ್ಯಶಿಕ್ಷಕಿಯೊಬ್ಬರು ಮಾಡಿದ ಕೆಲಸ ಇದು.

ಮಧ್ಯಾಹ್ನದ ಊಟದ ನಂತರದ ಮೊದಲ ಪೀರಿಯಡ್‌ಗೆ ಮಕ್ಕಳು ತಡವಾಗಿ ಬರುತ್ತಾರೆ. ಹತ್ತು ಹನ್ನೆರಡು ನಿಮಿಷ ಹೋಗಿಬಿಡುತ್ತದೆ. ಶಿಕ್ಷಕರು ಕಾಯುತ್ತಾ ನಿಲ್ಲಬೇಕು. ತಿಂಗಳಿಗೆ 22 ದಿನ ಶಾಲೆ ಅಂತ ಹಿಡಿದರೆ, ದಿನಕ್ಕೆ 12 ನಿಮಿಷದಂತೆ 264 ನಿಮಿಷ. ಹತ್ತಿರ ಹತ್ತಿರ ಆರು ಪೀರಿಯಡ್ ನಷ್ಟ. ಅವರು ನನ್ನ ಹತ್ತಿರ ತಂದ ವಿಷಯದ ಹೆಸರು ‘ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಶಿಸ್ತಿನ ಕೊರತೆ ನಿವಾರಣೆ’. ಪರಿಹಾರವನ್ನೂ ತಂದಿದ್ದರು. ದೈಹಿಕ ಶಿಕ್ಷಕರು ಸೀಟಿ ಊದುವುದು, ತಡವಾದವರನ್ನು ಬಾಗಿಲ ಹೊರಗೆ ನಿಲ್ಲಿಸುವುದು. ಎರಡನೆಯದು ಬೇಡವೇ ಬೇಡ ಎಂದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಸೀಟಿಯನ್ನು ಆಗಲೇ ಎರಡು ವಾರ ಊದಿ ನೋಡಿದ್ದರು. ಏನೂ ಬದಲಾಗಿರಲಿಲ್ಲ.

‘ಒಂದು ವಾರ ಏನೂ ಮಾಡಬೇಡಿ. ಊಟದ ಹೊತ್ತಿನಲ್ಲಿ ಒಂದೇ ಕಡೆ ನಿಂತು ನೋಡಿ’ ಎಂದೆ. ಅವರು ಕೈ ತೊಳೆಯುವ ನಲ್ಲಿಗಳ ಪಕ್ಕ ನಿಂತರು. ಕೈಯಲ್ಲಿ ಗಡಿಯಾರ, ಚಿಕ್ಕ ನೋಟ್‌ಬುಕ್. ಮೊದಲ ಎರಡು ದಿನ ಮಕ್ಕಳು ಹೆಡ್‌ಮೇಡಂ ನಿಂತಿದ್ದಾರೆ ಅಂತ ಸರಸರ ತಟ್ಟೆ ತೊಳೆದು ಓಡಿದರು. ಆ ಎರಡು ದಿನದ ಲೆಕ್ಕ ಬಿಟ್ಟುಬಿಡಿ ಅಂತ ಮೊದಲೇ ಹೇಳಿದ್ದೆ. ಮೂರನೇ ದಿನದಿಂದ ಮಕ್ಕಳಿಗೆ ಅವರು ಅಲ್ಲಿರುವುದು ಅಭ್ಯಾಸವಾಯಿತು.

ನಾಲ್ಕು ನಲ್ಲಿ ಇದ್ದವು. ನೀರು ಬರುತ್ತಿದ್ದದ್ದು ಎರಡರಲ್ಲಿ. ಒಂದು ಮಗು ತಟ್ಟೆ ತೊಳೆದು, ಕೈ ಬಾಯಿ ತೊಳೆಯಲು ಸುಮಾರು ಅರ್ಧ ನಿಮಿಷ. ಊಟ ಮಾಡುವ ಮಕ್ಕಳು 180. ಎಲ್ಲ ಸೇರಿ 90 ನಿಮಿಷದ ಕೆಲಸ, ಎರಡು ನಲ್ಲಿಗೆ ಹಂಚಿದರೆ 45 ನಿಮಿಷ. ಊಟದ ಬಿಡುವೇ 45 ನಿಮಿಷ! ಮೊದಲ ಮಗು ಉಂಡು ನಲ್ಲಿಗೆ ಬರುವಷ್ಟರಲ್ಲಿ ಊಟದ ಗಂಟೆ ಹೊಡೆದು 12 ನಿಮಿಷ ಆಗಿರುತ್ತಿತ್ತು. ಅಂದಮೇಲೆ ಕೊನೆಯ ಮಗು ಎಷ್ಟೇ ಶಿಸ್ತಿನಿಂದ ಇದ್ದರೂ 12 ನಿಮಿಷ ತಡವಾಗಿಯೇ ತರಗತಿಗೆ ಹೋಗಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಸೀಟಿ ಊದಿದ್ದಾಗಿತ್ತು.

ಇನ್ನೂ ಒಂದು ವಿಷಯ ಅವರ ಕಣ್ಣಿಗೆ ಬಿತ್ತು. ಕೊನೆಗೆ ಉಳಿಯುತ್ತಿದ್ದವರು ಯಾವಾಗಲೂ ಅವರೇ, ಎಂಟನೇ ತರಗತಿಯ ಹೆಣ್ಣುಮಕ್ಕಳು. ಬಡಿಸುವಾಗ ಹತ್ತನೇ ತರಗತಿ ಮೊದಲು, ಎಂಟನೇ ತರಗತಿ ಕೊನೆಗೆ. ನಲ್ಲಿಯ ಬಳಿ ಗಂಡುಹುಡುಗರು ನುಗ್ಗುತ್ತಾರೆ, ಹುಡುಗಿಯರು ಪಕ್ಕಕ್ಕೆ ನಿಲ್ಲುತ್ತಾರೆ. ಆ ಮಕ್ಕಳಿಗೆ ಮಧ್ಯಾಹ್ನದ ಮೊದಲ ಪೀರಿಯಡ್ ಗಣಿತ. ಗಣಿತದ ಸರ್ ಆ ಹುಡುಗಿಯರ ಹೆಸರಿನ ಮುಂದೆ ‘ಆಸಕ್ತಿ ಇಲ್ಲ’ ಎಂದು ಬರೆದಿದ್ದರು. ಇದನ್ನು ಹೇಳುವಾಗ ಆ ಮುಖ್ಯಶಿಕ್ಷಕಿಯ ಕಣ್ಣು ತುಂಬಿತ್ತು.

ಮುಂದಿನ ಹೆಜ್ಜೆ ತಾನಾಗಿಯೇ ಹೊಳೆಯಿತು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಲೆಕ್ಕ ಮುಂದಿಟ್ಟರು. ಕೆಟ್ಟ ಎರಡು ನಲ್ಲಿ ರಿಪೇರಿಯಾದವು. ಬಡಿಸುವ ಸರದಿಯನ್ನು ವಾರಕ್ಕೊಮ್ಮೆ ಬದಲಿಸಿದರು. ಒಂದು ನಲ್ಲಿ ಹೆಣ್ಣುಮಕ್ಕಳಿಗೆ ಮೀಸಲು. ನಾಲ್ಕು ನಲ್ಲಿಯಲ್ಲಿ ತೊಳೆಯುವ ಕೆಲಸ 23 ನಿಮಿಷದೊಳಗೆ ಮುಗಿಯಬೇಕು. ಬಹುಪಾಲು ದಿನ ಹಾಗೇ ಆಯಿತು. ನಾವೆಲ್ಲ ಬಿ.ಎಡ್‌ನಲ್ಲಿ ಬರೆದ ವರದಿ ಆಗಿದ್ದರೆ ಇಲ್ಲಿಗೆ ‘ಮುಕ್ತಾಯ’ ಅಂತ ಬರೆದು ಬೈಂಡಿಂಗ್‌ಗೆ ಕೊಡುತ್ತಿದ್ದೆವು.

ಆದರೆ ಪಾಠ ಆಗಲೂ ತಡವಾಗಿಯೇ ಶುರುವಾಗುತ್ತಿತ್ತು. ಮಕ್ಕಳು ಬಂದು ಕೂತಿರುತ್ತಿದ್ದರು, ಶಿಕ್ಷಕರು ಬಂದಿರುತ್ತಿರಲಿಲ್ಲ. ಮಕ್ಕಳ ತಡದ ಹಿಂದೆ ಶಿಕ್ಷಕರ ತಡ ಮರೆಯಾಗಿತ್ತು, ಅಷ್ಟೇ. ಇಲ್ಲಿ ಆ ಮುಖ್ಯಶಿಕ್ಷಕಿ ಮಾಡಿದ್ದು ನನಗೆ ಬಹಳ ಇಷ್ಟವಾಯಿತು. ಯಾರು ತಡ ಅಂತ ಹೆಸರು ಬರೆಯಲಿಲ್ಲ. ಸಿಬ್ಬಂದಿ ಸಭೆ ಕರೆದು, ಮಧ್ಯಾಹ್ನದ ಪಾಠ ಶುರುವಾದ ಹೊತ್ತನ್ನು ಕರಿಹಲಗೆಯ ಮೂಲೆಯಲ್ಲಿ ನೀವೇ ಸೀಮೆಸುಣ್ಣದಲ್ಲಿ ಬರೆಯಿರಿ, ಎರಡು ವಾರ ನೋಡೋಣ ಎಂದರು. ಪ್ರತಿ ತರಗತಿಯಲ್ಲಿ ಒಂದು ಮಗು ಅದನ್ನು ಪುಸ್ತಕಕ್ಕೆ ಇಳಿಸಿಕೊಂಡಿತು. ಎರಡು ವಾರದ ನಂತರ ಕೂತು ನೋಡಿದಾಗ ಶಿಕ್ಷಕರೇ ಬಾಯಿಬಿಟ್ಟರು. ಮಕ್ಕಳಿಗೆ ಬಡಿಸುವುದನ್ನು ನೋಡಿಕೊಳ್ಳಲು ಎಲ್ಲರೂ ನಿಲ್ಲಬೇಕಿತ್ತು. ಮಕ್ಕಳದ್ದು ಮುಗಿದ ಮೇಲೆ ಇವರು ಡಬ್ಬಿ ಬಿಚ್ಚುತ್ತಿದ್ದರು. ಎಲ್ಲರೂ ನಿಲ್ಲಬೇಕು ಎನ್ನುವ ನಿಯಮ ಮಾಡಿದವರು ಯಾರು? ಅದೇ ಮುಖ್ಯಶಿಕ್ಷಕಿ. ಎರಡು ವರ್ಷದ ಹಿಂದೆ, ಒಳ್ಳೆಯ ಉದ್ದೇಶದಿಂದಲೇ.

ದಿನಕ್ಕೆ ಇಬ್ಬರ ಸರದಿ ಹಾಕಿದರು. ಪಾಠ ಸಮಯಕ್ಕೆ ಸರಿಯಾಗಿ ಶುರುವಾಗತೊಡಗಿತು. ಆದರೆ ಬಡಿಸುವ ಸರದಿ ಬದಲಾದಾಗಲೆಲ್ಲ ಅಡುಗೆ ಸಿಬ್ಬಂದಿಗೆ ಗೊಂದಲವಾಗುತ್ತಿತ್ತು, ಅದು ಕೊನೆಯವರೆಗೂ ಪೂರ್ತಿ ಬಗೆಹರಿಯಲಿಲ್ಲ. ವರದಿಯಲ್ಲಿ ಅದನ್ನೂ ಬರೆದರು.

ಈಗ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ.

ವಿಷಯ ಹೇಗೆ ಆರಿಸಬೇಕು? ಮೊದಲು ನಿಮಗೆ ದಿನಾ ಕಿರಿಕಿರಿ ಮಾಡುವ ಒಂದು ಸಂಗತಿ ಬರೆಯಿರಿ. ಆಮೇಲೆ ಅದನ್ನು ‘ನಾನು’ ಎಂಬ ಪದ ಬರುವ ಹಾಗೆ ತಿರುಗಿಸಿ ಬರೆಯಿರಿ. ‘ಪೋಷಕರು ಸಭೆಗೆ ಬರುವುದಿಲ್ಲ, ಅವರಿಗೆ ಆಸಕ್ತಿ ಇಲ್ಲ’ ಎನ್ನುವುದು ದೂರು. ‘ಬೆಳಿಗ್ಗೆ ಹನ್ನೊಂದಕ್ಕೆ ಇಡುತ್ತಿದ್ದ ಸಭೆಯನ್ನು ನಾನು ಸಂಜೆ ಆರಕ್ಕೆ, ಕೇರಿಯಲ್ಲೇ ಇಟ್ಟರೆ ಯಾರು ಬರುತ್ತಾರೆ, ಏನು ಮಾತಾಡುತ್ತಾರೆ?’ ಎನ್ನುವುದು ಸಂಶೋಧನೆಯ ಪ್ರಶ್ನೆ. ಕೂಲಿಗೆ ಹೋಗುವ ತಾಯಿಗೆ ಹನ್ನೊಂದು ಗಂಟೆಯ ಸಭೆ ಅಂದರೆ ಆ ದಿನದ ಕೂಲಿ ಹೋಯಿತು ಅಂತಲೇ ಅರ್ಥ. ಹಾಗೆಯೇ ‘ಶಿಕ್ಷಕರು ಪಾಠ ಯೋಜನೆಯನ್ನು ಕಾಟಾಚಾರಕ್ಕೆ ಬರೆಯುತ್ತಾರೆ’ ಎನ್ನುವುದನ್ನು ‘ನಾನು ಸುಮ್ನೆ ಸಹಿ ಹಾಕಿ ವಾಪಸ್ ಕೊಡುವ ಬದಲು, ವಾರಕ್ಕೆ ಒಂದು ಪಾಠದ ಬಗ್ಗೆ ಹತ್ತು ನಿಮಿಷ ಅವರ ಜೊತೆ ಕೂತು ಮಾತಾಡಿದರೆ ಏನಾಗುತ್ತದೆ?’ ಅಂತ ತಿರುಗಿಸಬಹುದು. ‘ನಾನು’ ಹಾಕಲು ಬರದ ವಿಷಯವನ್ನು ಬಿಟ್ಟುಬಿಡಿ. ಅದು ಎಷ್ಟೇ ದೊಡ್ಡ ಸಮಸ್ಯೆ ಆಗಿರಲಿ, ಈಗ ನಿಮ್ಮ ಕೈಯಲ್ಲಿಲ್ಲ. ಖಾಲಿ ಹುದ್ದೆಗಳನ್ನು ನೀವು ತುಂಬಲಾರಿರಿ. ಇರುವ ಶಿಕ್ಷಕರ ವೇಳಾಪಟ್ಟಿ ಹೇಗೆ ಜೋಡಿಸಬೇಕು ಅನ್ನುವುದನ್ನು ಪ್ರಯತ್ನಿಸಿ ನೋಡಬಹುದು.

ನೀವಿನ್ನೂ ಸಹಶಿಕ್ಷಕಿ. ಹಾಗಾಗಿ ಈಗಿನ ಮುಖ್ಯಶಿಕ್ಷಕರ ಬಳಿ ಹೋಗಿ, ಶಾಲೆಯ ಒಂದು ತುಂಡು ಆಡಳಿತವನ್ನು ಮೂರು ತಿಂಗಳ ಮಟ್ಟಿಗೆ ಕೇಳಿ ಪಡೆಯಿರಿ. ಬೆಳಗಿನ ಪ್ರಾರ್ಥನೆ, ಗ್ರಂಥಾಲಯ, ಊಟದ ಬಿಡುವು, ಪೋಷಕರ ಸಭೆ, ಯಾವುದಾದರೂ ಒಂದು. ಏನು ಮಾಡುತ್ತೀರಿ, ಯಾವ ದಾಖಲೆ ನೋಡುತ್ತೀರಿ ಅಂತ ಅರ್ಧ ಪುಟದಲ್ಲಿ ಬರೆದುಕೊಟ್ಟು ಸಹಿ ಮಾಡಿಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಮುಂದೆ ತೊಂದರೆ ಕೊಡುತ್ತದೆ. ಗ್ರಂಥಾಲಯ ಸಿಕ್ಕಿದರೆ ನಾನು ನಿಮ್ಮ ಜಾಗದಲ್ಲಿದ್ದರೆ ಅದನ್ನೇ ಹಿಡಿಯುತ್ತಿದ್ದೆ. ಬೀಗ ಹಾಕಿದ ಬೀರುವಿನಲ್ಲಿ ಇರುವ ಪುಸ್ತಕಗಳನ್ನು ವರಾಂಡದಲ್ಲಿ ಹಗ್ಗಕ್ಕೆ ನೇತುಹಾಕಿದರೆ ಎಷ್ಟು ಮಕ್ಕಳ ಕೈಗೆ ಹೋಗುತ್ತವೆ, ಎಷ್ಟು ಹರಿಯುತ್ತವೆ, ಎಷ್ಟು ಕಳೆಯುತ್ತವೆ? ಪುಸ್ತಕ ಕಳೆದರೆ ಯಾರು ಹಣ ಕಟ್ಟಬೇಕು ಎಂಬ ಭಯವೇ ಬೀಗಕ್ಕೆ ಕಾರಣ ಇರಬಹುದು. ಅದು ಮಕ್ಕಳ ಓದಿನ ಪ್ರಶ್ನೆಯಂತೆ ಕಂಡರೂ ಆಡಳಿತದ ಪ್ರಶ್ನೆ.

ಮಾಹಿತಿಗೆ ಪ್ರಶ್ನಾವಳಿ ಮುದ್ರಿಸಲು ಹೊರಡಬೇಡಿ. ಮೊದಲು ಆಫೀಸಿನ ಬೀರು ತೆಗೆಯಿರಿ. ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕ, ಎಫ್‌ಎ-ಎಸ್‌ಎ (ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನದ) ಅಂಕಗಳು, ಮಕ್ಕಳ ಮಾಹಿತಿ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ತುಂಬಿದ ವಿವರ, ಎಸ್‌ಡಿಎಂಸಿ ನಡಾವಳಿ ಪುಸ್ತಕ, ಸಿಬ್ಬಂದಿ ಹೊರಗೆ ಹೋಗಿ ಬಂದದ್ದನ್ನು ಬರೆಯುವ ಚಲನವಲನ ವಹಿ. ನಮ್ಮ ಶಾಲೆಗಳಲ್ಲಿ ಬರೆದಿಡುವುದು ಬೇಕಾದಷ್ಟು ಇದೆ, ಬರೆದದ್ದನ್ನು ತಿರುಗಿ ಓದುವುದು ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಆಗಿಬಿಟ್ಟಿದೆ. ಒಂದು ಮಧ್ಯಾಹ್ನ ಕೂತು ಕಳೆದ ವರ್ಷದ ಹಾಜರಿ ಪುಸ್ತಕದಲ್ಲಿ ಸೋಮವಾರದಿಂದ ಶನಿವಾರದವರೆಗೆ ಗೈರುಹಾಜರಿಯನ್ನು ವಾರದ ದಿನದ ಪ್ರಕಾರ ಕೂಡಿ ನೋಡಿ. ಊರಿನ ಸಂತೆ ದಿನ ಎದ್ದು ಕಾಣುತ್ತದಾ? ಸುಗ್ಗಿಯ ತಿಂಗಳು? ಆ ದಿನ ಬರದವರಲ್ಲಿ ಮನೆಯಲ್ಲಿ ಚಿಕ್ಕ ಮಕ್ಕಳಿರುವ ಹೆಣ್ಣುಮಕ್ಕಳು ಜಾಸ್ತಿಯಾ? ‘ನಮ್ಮ ಶಾಲೆಯಲ್ಲಿ ಗೈರುಹಾಜರಿ ಹೆಚ್ಚು’ ಎನ್ನುವ ಮಾತಿನಿಂದ ಏನೂ ಮಾಡಲಾಗದು. ‘ಗುರುವಾರ ಒಂಬತ್ತನೇ ತರಗತಿಯ ಏಳು ಹುಡುಗಿಯರು’ ಅಂತ ಗೊತ್ತಾದರೆ ಸಂಜೆಯೇ ಅವರ ಮನೆಗೆ ಹೋಗಿ ಮಾತಾಡಬಹುದು.

ಎಷ್ಟು ಮಕ್ಕಳು, ಟಿ-ಟೆಸ್ಟ್ ಬೇಕಾ ಅಂತ ಕೇಳಿದ್ದೀರಿ. ಟಿ-ಟೆಸ್ಟ್ ಹುಟ್ಟಿದ್ದು ಒಂದು ಚಿಕ್ಕ ಮಾದರಿ ನೋಡಿ ಅದರಾಚೆಗಿನ ದೊಡ್ಡ ಗುಂಪಿನ ಬಗ್ಗೆ ಏನು ಹೇಳಬಹುದು ಎಂದು ತೂಗಲು. ನಿಮಗೆ ಬೇಕಿರುವುದು ನಿಮ್ಮ ಶಾಲೆಯ ಸಂಗತಿ, ನಿಮ್ಮ ಮಕ್ಕಳೆಲ್ಲರೂ ಲೆಕ್ಕದಲ್ಲಿ ಇದ್ದಾರೆ. ನಿಮ್ಮ ಕೋರ್ಸಿನವರು ಕಡ್ಡಾಯ ಅಂದರೆ ಹಾಕಿ, ಇಲ್ಲದಿದ್ದರೆ ಒಂದು ಸಾದಾ ಪಟ್ಟಿ, ಒಂದು ಗ್ರಾಫ್ ಸಾಕು. ಆದರೆ ಲೆಕ್ಕದಲ್ಲಿ ಮೋಸಹೋಗುವ ಜಾಗಗಳು ಎರಡಿವೆ, ಅವನ್ನು ತಿಳಿದಿರಬೇಕು.

ಒಂದು, ತೀರಾ ಕೆಟ್ಟ ವಾರವನ್ನು ನೋಡಿ ಗಾಬರಿಯಾಗಿ ಕೆಲಸ ಶುರು ಮಾಡುವುದು. ಹಾಜರಿ ಯಾವಾಗಲೂ ಏರಿಳಿಯುತ್ತಿರುತ್ತದೆ. ತೀರಾ ಕೆಳಗೆ ಬಿದ್ದ ವಾರದ ಮುಂದಿನ ವಾರ ನೀವು ಏನೂ ಮಾಡದಿದ್ದರೂ ಸ್ವಲ್ಪ ಏಳುತ್ತದೆ. ನೀವೋ ನಿಮ್ಮ ಯೋಜನೆ ಫಲ ಕೊಟ್ಟಿತು ಅಂತ ಖುಷಿಪಡುತ್ತೀರಿ. ಅದಕ್ಕೆ ಕನಿಷ್ಠ ನಾಲ್ಕು ವಾರದ ‘ಮೊದಲಿನ ಸ್ಥಿತಿ’ ಬರೆದಿಟ್ಟುಕೊಳ್ಳಿ. ಎರಡು, ತಿಂಗಳು ತಿಂಗಳಿಗೂ ಶಾಲೆ ಬೇರೆ ಬೇರೆ ಇರುತ್ತದೆ. ಸುಗ್ಗಿಯ ತಿಂಗಳನ್ನು ಅದಾದ ಮುಂದಿನ ತಿಂಗಳ ಜೊತೆ ಹೋಲಿಸಬೇಡಿ. ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಹಾಜರಿ ಪುಸ್ತಕ ಬೀರುವಿನಲ್ಲೇ ಇದೆಯಲ್ಲ.

ಒಂದು ಗುಂಪಿಗೆ ಒಳ್ಳೆಯದನ್ನು ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋಲಿಸಬೇಕು ಅಂತ ಯಾರಾದರೂ ಹೇಳಿದರೆ ಯೋಚಿಸಿ. ಒಂಬತ್ತನೇ ‘ಎ’ ವಿಭಾಗಕ್ಕೆ ನಲ್ಲಿ ಕೊಟ್ಟು ‘ಬಿ’ ವಿಭಾಗವನ್ನು ಸಾಲಿನಲ್ಲಿ ನಿಲ್ಲಿಸುವುದು ಶಾಲೆ ನಡೆಸುವವರ ಕೆಲಸ ಅಲ್ಲ.

ಅಂಕಿಗಳ ಜೊತೆಗೆ ಒಂದು ದಿನಚರಿ ಬೇಕೇ ಬೇಕು. ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ನಿಮಗೆ ಅನ್ನಿಸಿದ್ದು. ‘ಸಾಲಿನಲ್ಲಿ ಮೂವರು ಹುಡುಗಿಯರು ಹಿಂದಕ್ಕೆ ಸರಿದು ನಿಂತರು, 1.52’ ಇದು ಎಡಪುಟ. ‘ಹುಡುಗಿಯರಿಗೆ ನಾಚಿಕೆ ಜಾಸ್ತಿ’ ಇದು ಬಲಪುಟ. ಮೊದಮೊದಲು ಎಲ್ಲರೂ ಬಲಪುಟದ ಮಾತನ್ನು ಎಡಪುಟದಲ್ಲಿ ಬರೆಯುತ್ತಾರೆ. ‘ಶಿಕ್ಷಕರು ನಿರಾಸಕ್ತಿಯಿಂದ ಇದ್ದರು’ ಅಂತ. ನಿರಾಸಕ್ತಿ ಹೇಗೆ ಕಂಡಿತು? ಮೊಬೈಲ್ ನೋಡುತ್ತಿದ್ದರಾ, ಮಾತಾಡದೆ ಕೂತಿದ್ದರಾ, ಬೇಗ ಎದ್ದು ಹೋದರಾ? ಅದನ್ನು ಬರೆಯಿರಿ. ಈ ಒಂದು ಅಭ್ಯಾಸ ಹತ್ತಿದರೆ ಮುಂದೆ ನೀವು ತರಗತಿ ವೀಕ್ಷಣೆಗೆ ಹೋದಾಗ ಬರೆಯುವ ಷರಾ ಬೇರೆಯೇ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಈ ಪುಸ್ತಕವನ್ನು ನಿಷ್ಠುರವಾಗಿ ಮಾತಾಡುವ ಒಬ್ಬರಿಗೆ ಓದಲು ಕೊಡಿ. ನಿಮ್ಮನ್ನು ಹೊಗಳುವ ಗೆಳತಿ ಇದಕ್ಕೆ ಆಗಿಬರುವುದಿಲ್ಲ. ಪಕ್ಕದ ಶಾಲೆಯವರಾದರೆ ಒಳ್ಳೆಯದು, ಸಮಾಲೋಚನಾ ಸಭೆಯಲ್ಲಿ ಹೇಗೂ ಸಿಗುತ್ತಾರೆ.

ಇನ್ನು ಜೊತೆಯವರು ಕೇಳುತ್ತಾರಾ ಎನ್ನುವ ಮಾತು. ಇಡೀ ಪತ್ರದಲ್ಲಿ ಇದೇ ದೊಡ್ಡ ಪ್ರಶ್ನೆ.

ಕ್ರಿಯಾ ಸಂಶೋಧನೆ ಎಂಬ ಹೆಸರನ್ನು ಬಳಕೆಗೆ ತಂದ ಕರ್ಟ್ ಲೆವಿನ್ ಜರ್ಮನಿಯಿಂದ 1933ರಲ್ಲಿ ಅಮೆರಿಕಕ್ಕೆ ಹೋದ ಯಹೂದಿ ಮನಶ್ಶಾಸ್ತ್ರಜ್ಞ. 1946ರ ಒಂದು ಲೇಖನದಲ್ಲಿ ಅವರು ಈ ವಿಧಾನವನ್ನು ವಿವರಿಸಿದರು. ಅದಕ್ಕೂ ಮೊದಲು, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅವರು ಮಾಡಿದ ಒಂದು ಪ್ರಯೋಗ ಇದೆ. ಒಳ್ಳೆಯ ಮಾಂಸಕ್ಕೆ ಕೊರತೆ ಇತ್ತು. ಹೃದಯ, ಮೂತ್ರಪಿಂಡದಂಥ ಭಾಗಗಳನ್ನೂ ಮನೆಯಲ್ಲಿ ಅಡುಗೆ ಮಾಡಿ ಅಂತ ಗೃಹಿಣಿಯರನ್ನು ಒಪ್ಪಿಸಬೇಕಿತ್ತು. ಅವರಿಗೋ ಅದು ಹಿಡಿಸದ ವಸ್ತು. ಕೆಲವು ಗುಂಪುಗಳಿಗೆ ಚೆನ್ನಾಗಿ ಉಪನ್ಯಾಸ ಕೊಟ್ಟರು. ಪೌಷ್ಟಿಕಾಂಶ, ದೇಶದ ಅಗತ್ಯ, ಅಡುಗೆಯ ವಿಧಾನ ಎಲ್ಲ ಹೇಳಿದರು. ಇನ್ನು ಕೆಲವು ಗುಂಪುಗಳಲ್ಲಿ ‘ನಮ್ಮಂಥವರ ಮನೆಯಲ್ಲಿ ಇದು ಯಾಕೆ ಆಗುವುದಿಲ್ಲ’ ಅಂತ ಹೆಂಗಸರೇ ಮಾತಾಡಿಕೊಂಡರು. ಕೊನೆಗೆ ಯಾರು ಮಾಡಿ ನೋಡುತ್ತೀರಿ ಅಂತ ಕೈ ಎತ್ತಿಸಿದರು. ಆಮೇಲೆ ವಿಚಾರಿಸಿದಾಗ ಉಪನ್ಯಾಸ ಕೇಳಿದವರಲ್ಲಿ ಶೇ. 3ರಷ್ಟು ಮಂದಿ ಮಾಡಿದ್ದರು. ತಾವೇ ಮಾತಾಡಿ ತೀರ್ಮಾನಿಸಿದವರಲ್ಲಿ ಶೇ. 32ರಷ್ಟು.

ನಮ್ಮ ಸಿಬ್ಬಂದಿ ಸಭೆಗಳನ್ನು ನೆನಪಿಸಿಕೊಳ್ಳಿ. ಸುತ್ತೋಲೆ ಓದುತ್ತಾರೆ, ‘ಎಲ್ಲರೂ ಪಾಲಿಸಬೇಕು’ ಅನ್ನುತ್ತಾರೆ, ಸಹಿ ತಗೊಳ್ಳುತ್ತಾರೆ. ಅದು ಉಪನ್ಯಾಸ ಕೇಳಿದ ಗುಂಪು. ಕರಿಹಲಗೆಯ ಮೂಲೆಯಲ್ಲಿ ತಾವೇ ಹೊತ್ತು ಬರೆದ ಶಿಕ್ಷಕರು ಎರಡನೇ ಗುಂಪು. ಹಾಗಂತ ಅದನ್ನು ಶಿಕ್ಷಕರನ್ನು ಬಗ್ಗಿಸುವ ಉಪಾಯ ಅಂತ ಬಳಸಬೇಡಿ. ತೀರ್ಮಾನ ಮೊದಲೇ ಮಾಡಿಟ್ಟುಕೊಂಡು ‘ನಿಮ್ಮ ಅಭಿಪ್ರಾಯ ಹೇಳಿ’ ಅಂದರೆ ಅವರಿಗೆ ಒಂದೇ ಸಭೆಯಲ್ಲಿ ಗೊತ್ತಾಗುತ್ತದೆ.

ಇಲ್ಲೇ ನಮ್ಮ ರಾಜ್ಯದ ಉದಾಹರಣೆಯೂ ಇದೆ. ಕಿರಿಯ ತರಗತಿಯ ಮಕ್ಕಳು ಕಾರ್ಡು, ಚಟುವಟಿಕೆಗಳ ಮೂಲಕ ಕಲಿಯುವ ನಲಿ-ಕಲಿ ವಿಧಾನ ಶುರುವಾದದ್ದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಾರ್ಡುಗಳನ್ನು ತಾವೇ ಕೂತು ತಯಾರಿಸಿದರು, ತರಗತಿಯಲ್ಲಿ ಬಳಸಿದರು, ತಿದ್ದಿದರು. ಮುಂದೆ 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಮೊದಲ ತಾಲ್ಲೂಕಿನ ಶಿಕ್ಷಕರಿಗೆ ಅದು ತಾವು ಕಟ್ಟಿದ ಕೆಲಸ. ಆಮೇಲೆ ಬಂದ ಎಷ್ಟೋ ಶಿಕ್ಷಕರಿಗೆ ಅದು ಮೇಲಿನಿಂದ ಬಂದ ಕಾರ್ಡು. ಈ ವ್ಯತ್ಯಾಸ ನೀವು ಎಷ್ಟೋ ಕಡೆ ಕಂಡಿರುತ್ತೀರಿ.

ಮುಖ್ಯಶಿಕ್ಷಕಿ ಆದ ಮೇಲೆ ನಿಮಗೆ ಇನ್ನೊಂದು ತೊಡಕು ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಕೈಯಲ್ಲಿ ನೋಟ್‌ಬುಕ್ ಕಂಡರೆ ಎಲ್ಲರಿಗೂ ಅದು ತಪಾಸಣೆ ಅಂತಲೇ ಅನ್ನಿಸುತ್ತದೆ. ನೀವು ಅದೇ ಕೈಯಿಂದ ರಜೆ ಮಂಜೂರು ಮಾಡುತ್ತೀರಿ, ಕೆಲಸದ ವರದಿ ಬರೆಯುತ್ತೀರಿ. ‘ಮೇಡಂ, ಎಲ್ಲ ಚೆನ್ನಾಗಿದೆ’ ಅಂತಲೇ ಉತ್ತರ ಬರುತ್ತದೆ. ಆ ಉತ್ತರವನ್ನು ಮಾಹಿತಿ ಅಂತ ನಂಬಬೇಡಿ. ಸಂಶೋಧನೆಗೆ ಬರೆದದ್ದನ್ನು ನೋಟಿಸು ಕೊಡಲು ಬಳಸುವುದಿಲ್ಲ ಅಂತ ಮೊದಲ ದಿನವೇ ಸಭೆಯಲ್ಲಿ ಹೇಳಿ, ನಡಾವಳಿಯಲ್ಲಿ ಬರೆಸಿ, ಹಾಗೇ ನಡೆದುಕೊಳ್ಳಿ. ಒಂದೇ ಒಂದು ಸಲ ಮಾತು ತಪ್ಪಿದರೂ ಮತ್ತೆ ಯಾರೂ ನಿಮಗೆ ನಿಜ ಹೇಳುವುದಿಲ್ಲ. ಹೆಸರಿನ ಬದಲು ತರಗತಿ, ವ್ಯಕ್ತಿಯ ಬದಲು ಪೀರಿಯಡ್ ಬರೆಯಿರಿ. ನಿಮ್ಮ ಬಗ್ಗೆಯೇ ಕೇಳಬೇಕಾದ ಪ್ರಶ್ನೆಗಳಿದ್ದರೆ ಹೆಸರಿಲ್ಲದ ಚೀಟಿ ಹಾಕಿಸಿ, ಎಣಿಸುವುದನ್ನು ಹಿರಿಯ ಶಿಕ್ಷಕರೊಬ್ಬರಿಗೆ ಬಿಡಿ. ಮಕ್ಕಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಶೌಚಾಲಯ, ಮುಟ್ಟು, ಊಟಕ್ಕೆ ಕೂರುವಾಗಿನ ಜಾತಿಯ ಸಂಗತಿಗಳು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತವೆ. ವರದಿಯಲ್ಲಿ ಮಗುವಿನ ಹೆಸರು, ಮನೆ, ಕೇರಿ ಯಾವುದೂ ಗುರುತಾಗಬಾರದು. ಮಗುವಿಗೆ ಹಾನಿ ಆಗುತ್ತಿದೆ ಅಂತ ಗೊತ್ತಾದರೆ ಮಾತ್ರ ಸಂಶೋಧನೆ ಪಕ್ಕಕ್ಕಿಟ್ಟು ಕೂಡಲೇ ಕ್ರಮ ತಗೊಳ್ಳಬೇಕು.

ಸಹಾಯಕ್ಕೆ ನಿಮ್ಮ ಜಿಲ್ಲೆಯ ಡಯಟ್‌ಗೆ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ ಹೋಗಿ. 1986ರ ಶಿಕ್ಷಣ ನೀತಿಯ ನಂತರ ಡಯಟ್‌ಗಳು ಹುಟ್ಟಿದಾಗ ತರಬೇತಿಯ ಜೊತೆ ಕ್ರಿಯಾ ಸಂಶೋಧನೆಯೂ ಅವುಗಳ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ಅಲ್ಲಿರುವ ಹಳೆಯ ವರದಿಗಳನ್ನು ಕೇಳಿ ಓದಿ. ನಕಲು ಮಾಡಲು ಅಲ್ಲ ಅಂತ ನಿಮಗೆ ಹೇಳಬೇಕಿಲ್ಲ. ಆಡಳಿತದ ಬಗ್ಗೆ ಎಷ್ಟು ಕಡಿಮೆ ವರದಿಗಳಿವೆ ಅಂತ ನೋಡಿದರೆ ನಿಮ್ಮ ಕೆಲಸದ ಬೆಲೆ ನಿಮಗೇ ತಿಳಿಯುತ್ತದೆ. ದೆಹಲಿಯ ನೀಪಾದಲ್ಲಿ (ಶೈಕ್ಷಣಿಕ ಯೋಜನೆ ಮತ್ತು ಆಡಳಿತದ ರಾಷ್ಟ್ರೀಯ ಸಂಸ್ಥೆ) 2012ರಲ್ಲಿ ಶಾಲಾ ನಾಯಕತ್ವದ ರಾಷ್ಟ್ರೀಯ ಕೇಂದ್ರ ಶುರುವಾಗಿದೆ. ಮುಖ್ಯಶಿಕ್ಷಕರಿಗಾಗಿ ಅವರು ತಯಾರಿಸಿದ ಸಾಮಗ್ರಿಯನ್ನೂ ನೋಡಿ.

ಫಲ ಸಿಗದಿದ್ದರೆ? ಸಿಗಲಿಲ್ಲ ಅಂತ ಬರೆಯಿರಿ. ಯಾಕೆ ಸಿಗಲಿಲ್ಲ ಅಂತ ನಿಮಗೆ ಈಗ ಅನ್ನಿಸುವುದನ್ನು ಬರೆಯಿರಿ, ಮುಂದಿನ ಸಲ ಏನು ಬದಲಿಸುತ್ತೀರಿ ಅಂತ ಬರೆಯಿರಿ. ಸಂಜೆ ಆರರ ಸಭೆಗೆ ತಾಯಂದಿರು ಬಂದು, ಅಪ್ಪಂದಿರು ಬರದಿದ್ದರೆ ಅದೂ ತಿಳಿದ ವಿಷಯವೇ. ಯಾರೂ ಬರದಿದ್ದರೆ ಮರುದಿನ ನಾಲ್ಕು ಮನೆಗೆ ಹೋಗಿ ಕೇಳಿ, ಆ ನಾಲ್ಕು ಉತ್ತರಗಳನ್ನು ಇದ್ದ ಹಾಗೇ ಬರೆಯಿರಿ. ಮೌಲ್ಯಮಾಪನಕ್ಕೆ ಕೂತಾಗಲೆಲ್ಲ ನಾನು ಮೊದಲು ಹುಡುಕುತ್ತಿದ್ದದ್ದು ಬರೆದವರು ತಮ್ಮ ಅಂದಾಜು ತಪ್ಪಾಯಿತು ಅಂತ ಒಪ್ಪಿಕೊಂಡ ಒಂದು ಪುಟವನ್ನು. ನಿಮ್ಮ ಮಾರ್ಗದರ್ಶಕರು ಇದನ್ನು ಒಪ್ಪದಿದ್ದರೆ ಈ ಉತ್ತರ ತೋರಿಸಿ.

ಸಮಯದ ಲೆಕ್ಕ ಹೀಗೆ ಹಾಕಿಕೊಳ್ಳಬಹುದು. ಶಾಲೆ ಶುರುವಾದ ಜೂನ್ ತಿಂಗಳನ್ನು ದಾಖಲಾತಿ, ಪುಸ್ತಕ, ಸಮವಸ್ತ್ರದ ಗಲಾಟೆಗೆ ಬಿಟ್ಟುಬಿಡಿ. ಜುಲೈನಲ್ಲಿ ನೋಡುವುದು, ಬರೆಯುವುದು. ಆಗಸ್ಟ್ ಕೊನೆಯಲ್ಲಿ ಬದಲಾವಣೆ ಶುರು, ದಸರಾ ರಜೆಯವರೆಗೆ ಅದೇ. ರಜೆಯಲ್ಲಿ ದಿನಚರಿ ಪೂರ್ತಿ ಓದಿ, ರಜೆ ಮುಗಿದ ಮೇಲೆ ಎರಡನೇ ಸುತ್ತು. ಎರಡನೇ ಸುತ್ತು ಇಲ್ಲದ ವರದಿ ಕೊಡಬೇಡಿ. ಆ ಶಾಲೆಯಲ್ಲಿ ನಲ್ಲಿ ರಿಪೇರಿಯಾದ ಮೇಲೆಯೇ ನಿಜವಾದ ಸಂಗತಿ ಹೊರಬಂದದ್ದು, ನೋಡಿದಿರಲ್ಲ.

ಬರುವ ಸೋಮವಾರವೇ ಶುರು ಮಾಡಿ. ಊಟದ ಗಂಟೆ ಹೊಡೆದ ಮೇಲೆ ಸಿಬ್ಬಂದಿ ಕೊಠಡಿಗೆ ಹೋಗದೆ ಶಾಲೆಯ ಒಂದು ಜಾಗದಲ್ಲಿ ಇಪ್ಪತ್ತು ನಿಮಿಷ ನಿಲ್ಲಿ. ಐದು ದಿನವೂ ಅದೇ ಜಾಗ, ಅದೇ ಹೊತ್ತು. ನಲ್ಲಿಯ ಹತ್ತಿರ ನಿಲ್ಲುವುದಾದರೆ ಪೆನ್ನು ಬೇಡ, ಪೆನ್ಸಿಲ್ ಇಟ್ಟುಕೊಳ್ಳಿ. ಮಕ್ಕಳು ತಟ್ಟೆ ಝಾಡಿಸುವಾಗ ನೀರು ಸಿಡಿಯುತ್ತದೆ, ಇಂಕು ಹರಡುತ್ತದೆ.